ಎಳೆಯರ ಶಾಲೆಯನ್ನು ಅಳೆಯುವ ಬಗೆ

ಘಟ್ಟದ ಮೇಲಣ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಒತ್ತಾದ ಊರುಗಳ ಸೀಮೆಯಲ್ಲ. ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಒಂದು ಅಡಿಕೆಯ ತೋಟ, ಒಂದು ಹಳ್ಳ, ಒಂದು ಸೊಪ್ಪಿನ ಬೆಟ್ಟ ಇರುವುದೇ ವಾಡಿಕೆ. ಮಳೆಗಾಲ ಬಂದಿತೆಂದರೆ ಎಷ್ಟೋ ಮನೆಗಳಿಗೆ ಕಾಲುಸಂಕವೊಂದೇ ದಾರಿ. ಆದಕಾರಣ ಹಿಂದಿನವರು ಮಗುವಿಗೆ ಆರು ವರ್ಷ ತುಂಬುವವರೆಗೆ ಶಾಲೆಯ ಮಾತನ್ನೇ ಎತ್ತುತ್ತಿರಲಿಲ್ಲ. ಅಜ್ಜಿಯ ಮಡಿಲು, ಮನೆಯ ಜಗುಲಿ, ಕೊಟ್ಟಿಗೆಯ ಕರು, ಇವೇ ಅದರ ಮೊದಲ ಪಾಠಶಾಲೆಗಳಾಗಿದ್ದವು.

ಈಗ ಕಾಲ ಬೇರೆಯಾಗಿದೆ. ಕೂಡುಕುಟುಂಬಗಳು ಒಡೆದಿವೆ, ಮನೆಯಲ್ಲಿ ಆಟಕ್ಕೆ ಜೊತೆಯ ಮಕ್ಕಳಿಲ್ಲ, ಕೂಲಿಗೆ ಹೋಗುವ ತಾಯಿಗೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಮೂರು ತುಂಬಿದ ಮಗುವನ್ನು ಎಲ್ಲಿಯಾದರೂ ಬಿಡಲೇಬೇಕು. ಉಳ್ಳವರು ಪೇಟೆಯ ಶಾಲೆಗೆ ವ್ಯಾನಿನಲ್ಲಿ ಕಳುಹಿಸುತ್ತಾರೆ. ಇಲ್ಲದವರು ಊರ ಅಂಗನವಾಡಿಗೆ ಕಳುಹಿಸುತ್ತಾರೆ. ಇವೆರಡರಲ್ಲಿ ಯಾವುದು ಒಳ್ಳೆಯದೆಂದು ಕೇಳಿದರೆ ಜನರು ಕಟ್ಟಡ, ಸಮವಸ್ತ್ರ, ಇಂಗ್ಲಿಷ್ ಪದ್ಯಗಳನ್ನು ಹೇಳುವರೇ ಹೊರತು, ಒಳಗೆ ಮಗುವು ದಿನವನ್ನು ಹೇಗೆ ಕಳೆಯುತ್ತದೆಂಬುದನ್ನು ಹೇಳುವವರು ವಿರಳ. ನಾವೂ ಹಾಗೆಯೇ ಅಳೆದು ತಪ್ಪಿದವರು. ನಮ್ಮ ತಪ್ಪು ಇತರ ಗೃಹಸ್ಥರಿಗಾದರೂ ಉಪಯೋಗಕ್ಕೆ ಬರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮೊಮ್ಮಗಳಿಗೆ ಮೂರು ತುಂಬಿದ ವರ್ಷ ಅವಳನ್ನು ಪೇಟೆಯ ಒಂದು ಶಾಲೆಗೆ ಸೇರಿಸಿದೆವು. ಗೋಡೆಯ ತುಂಬ ಬಣ್ಣದ ಚಿತ್ರಗಳು, ಪುಟ್ಟ ಕುರ್ಚಿಗಳು, ಬಾಗಿಲಲ್ಲಿ ನಗುವ ಗೊಂಬೆ. ನೋಡಿ ನಮಗೆ ಪರಮ ಸಂತೋಷವಾಯಿತು. ಎರಡು ತಿಂಗಳಲ್ಲಿ ಮಗುವು ನಾಲ್ಕು ಇಂಗ್ಲಿಷ್ ಪದ್ಯಗಳನ್ನು ಒಪ್ಪಿಸಿತು. ಬಂದ ನೆಂಟರ ಮುಂದೆಲ್ಲ ಹೇಳಿಸಿ ಹಿಗ್ಗಿದೆವು. ಆದರೆ ಶ್ರಾವಣದ ಹೊತ್ತಿಗೆ ಅದು ರಾತ್ರಿ ಬೆಚ್ಚಿ ಏಳತೊಡಗಿತು. ಬಿಟ್ಟುಹೋಗಿದ್ದ ಹಾಸಿಗೆಯಲ್ಲಿ ಒದ್ದೆ ಮಾಡುವ ಅಭ್ಯಾಸವು ಮರಳಿತು. ಬೆಳಗ್ಗೆ ವ್ಯಾನಿನ ಸದ್ದು ಕೇಳಿದೊಡನೆ ಕಂಬವನ್ನು ಅಪ್ಪಿಕೊಂಡು, “ಆನು ಹೋಗ್ತ್ನಿಲ್ಲೆ” ಎಂದು ಅಳುವುದು ನಿತ್ಯದ ಮಾತಾಯಿತು. ಮೊದಮೊದಲು ಹಟವೆಂದು ಗದರಿಸಿದೆವು. ಕೊನೆಗೆ ಒಂದು ದಿನ ನಾವೇ ಹೋಗಿ ನೋಡಿದಾಗ, ನಲವತ್ತು ಮಕ್ಕಳಿಗೆ ಒಬ್ಬಳೇ ಶಿಕ್ಷಕಿ. ಮಕ್ಕಳು ಕೈಕಟ್ಟಿ ಕುಳಿತು ಅಕ್ಷರ ತಿದ್ದುತ್ತಿದ್ದವು. ನಮ್ಮ ಮಗುವಂತೂ ಹೊರಕ್ಕೆ ಹೋಗಬೇಕೆಂದು ಕೇಳುವ ಮಾತು ತಿಳಿಯದೆ ಸುಮ್ಮನೆ ಕುಳಿತಿತ್ತು. ಆ ಹುಡುಗಿಯನ್ನು ದೂರುವುದು ನ್ಯಾಯವಲ್ಲ. ನಲವತ್ತು ಕರುಗಳನ್ನು ಒಬ್ಬರ ಕೈಗೆ ಕೊಟ್ಟರೆ ನಾವಾದರೂ ಕಟ್ಟಿಹಾಕದೆ ಬೇರೇನು ಮಾಡುವೆವು?

ಎಳೆಯರ ಶಾಲೆಗಳನ್ನು ಮೊದಲು ಕಟ್ಟಿದವರ ಆಶಯವು ಇದಾಗಿರಲಿಲ್ಲ. ಜರ್ಮನಿಯ ಫ್ರೋಬೆಲನು ೧೮೪೦ರಲ್ಲಿ ತನ್ನ ಶಾಲೆಗೆ ಇಟ್ಟ ‘ಕಿಂಡರ್‌ಗಾರ್ಟನ್’ ಎಂಬ ಹೆಸರಿಗೆ ಮಕ್ಕಳ ತೋಟವೆಂದು ಅರ್ಥ. ಮರಿಯಾ ಮಾಂಟೆಸೊರಿಯು ೧೯೦೭ರಲ್ಲಿ ರೋಮ್ ನಗರದ ಕೂಲಿಕಾರರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದಳು, ೧೯೩೯ರಲ್ಲಿ ನಮ್ಮ ದೇಶಕ್ಕೇ ಬಂದು ಮದರಾಸಿನ ಅಡಯಾರಿನಲ್ಲಿ ಶಿಕ್ಷಕರನ್ನು ತರಬೇತಿಗೊಳಿಸಿದಳು. ಅದಕ್ಕೆ ಮೊದಲೇ, ೧೯೨೦ರಲ್ಲಿ, ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಬೋರ್ಡಿ ಎಂಬ ಗ್ರಾಮಕ್ಕೆ ಬಂದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ಮತ. ಅಂಗನವಾಡಿಯೆಂಬ ಮಾತಿನ ಮೂಲ ಇಲ್ಲಿದೆ. ಸರಕಾರದ ಅಂಗನವಾಡಿಗಳು ೧೯೭೫ನೆಯ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಆರಂಭವಾದವು. ಕರ್ನಾಟಕದಲ್ಲಿ ಆ ಭಾಗ್ಯ ಮೊದಲು ತಿರುಮಕೂಡಲು ನರಸೀಪುರಕ್ಕೆ ದೊರೆಯಿತು. ಇವರೆಲ್ಲರ ಒಟ್ಟು ಅಭಿಪ್ರಾಯ ಒಂದೇ: ಮಗುವು ಆಡುತ್ತ, ಮುಟ್ಟುತ್ತ, ಮಾತನಾಡುತ್ತ ಕಲಿಯುತ್ತದೆ. ತೋಟಿಗರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಡಿಕೆಯ ಸಸಿಗೆ ನೆರಳು, ನೀರು ಕೊಟ್ಟು ಕಾಯುವೆವಲ್ಲದೆ ಸುಳಿಯನ್ನು ಹಿಡಿದು ಎಳೆಯುವುದಿಲ್ಲ.

ಹಾಗಾದರೆ ಅಳತೆ ಯಾವುದು? ಕಣ್ಣಿಗೆ ಕಾಣುವ ಕೆಲವು ಅಳತೆಗಳನ್ನು ಭಾರತ ಸರಕಾರದ ೨೦೧೩ರ ಶಿಶು ಶಿಕ್ಷಣ ನೀತಿಯೇ ಕೊಟ್ಟಿದೆ. ಮೂರರಿಂದ ಆರು ವರ್ಷದ ೨೦ ಮಕ್ಕಳಿಗೆ ಒಬ್ಬ ಹಿರಿಯರು. ಮೂರಕ್ಕಿಂತ ಕಿರಿಯರಾದರೆ ೧೦ ಮಕ್ಕಳಿಗೆ ಒಬ್ಬರು. ೩೦ ಮಕ್ಕಳಿಗೆ ೩೫ ಚದರ ಮೀಟರಿಗೆ ಕಡಿಮೆಯಿಲ್ಲದ ಕೋಣೆ, ೩೦ ಚದರ ಮೀಟರಿಗೆ ಕಡಿಮೆಯಿಲ್ಲದ ಆಟದ ಬಯಲು. ಕುಡಿಯುವ ಶುದ್ಧ ನೀರು, ಮಕ್ಕಳಿಗೆ ತಕ್ಕ ಶೌಚಾಲಯ, ಕೈತೊಳೆಯುವ ಸ್ಥಳ, ಬೇರೆಯಾದ ಅಡಿಗೆಯ ಜಾಗ, ಔಷಧದ ಪೆಟ್ಟಿಗೆ. ಪಾಠದ ಹೊತ್ತು ದಿನಕ್ಕೆ ಮೂರು ನಾಲ್ಕು ಗಂಟೆ. ಯಾವ ಗೃಹಸ್ಥನಾದರೂ ಇವನ್ನು ಒಂದು ಗಳಿಗೆಯಲ್ಲಿ ಎಣಿಸಿ ನೋಡಬಹುದು.

ಆದರೆ ಇವೆಲ್ಲ ಇದ್ದೂ ಶಾಲೆಯು ಒಣಗಿರಬಹುದು. ಅಮೆರಿಕದ ಉತ್ತರ ಕರೋಲಿನಾದಲ್ಲಿ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ ಎಂಬವರು ೧೯೮೦ರಲ್ಲಿ ಎಳೆಯರ ಶಾಲೆಗಳಿಗೆಂದೇ ಒಂದು ಮಾನದಂಡವನ್ನು ಪ್ರಕಟಿಸಿದರು. ಒಂದರಿಂದ ಏಳರವರೆಗೆ ಅಂಕ. ವಿಶೇಷವೇನೆಂದರೆ, ಅದರಲ್ಲಿ ಮಗುವಿಗೆ ಪರೀಕ್ಷೆಯಿಲ್ಲ. ಪರೀಕ್ಷೆಯೆಲ್ಲವೂ ಹಿರಿಯರಿಗೆ ಮತ್ತು ಸ್ಥಳಕ್ಕೆ. ಅಳೆಯುವವರು ಕೆಲವು ಗಂಟೆಗಳ ಕಾಲ ಮೂಲೆಯಲ್ಲಿ ಸುಮ್ಮನೆ ಕುಳಿತು, ಶಿಕ್ಷಕಿಯು ಮಗುವಿನೊಡನೆ ಹೇಗೆ ಮಾತನಾಡುತ್ತಾಳೆ, ಆಟದ ಸಾಮಾನು ಮಗುವಿನ ಕೈಗೆ ಎಟುಕುವುದೋ ಇಲ್ಲವೋ, ಉಣ್ಣುವ ಮುಂಚೆ ಕೈ ತೊಳೆಸುವರೋ ಇಲ್ಲವೋ ಎಂಬುದನ್ನು ಬರೆದುಕೊಳ್ಳುತ್ತಾರೆ.

ಮಗುವಿನ ಪಾಠವನ್ನೇ ಅಳತೆಯಾಗಿ ಹಿಡಿದರೆ ಮೋಸಹೋಗುವೆವೆಂಬುದಕ್ಕೆ ಆ ದೇಶದಲ್ಲೇ ಒಂದು ನಿದರ್ಶನವಿದೆ. ಮಿಶಿಗನ್ ಪ್ರಾಂತದ ಇಪ್ಸಿಲಾಂಟಿಯಲ್ಲಿ ೧೯೬೨ರಿಂದ ಮುಂದಕ್ಕೆ ಬಡ ನೀಗ್ರೋ ಜನಾಂಗದ, ಈಗ ಆಫ್ರಿಕನ್ ಅಮೆರಿಕನ್ ಎಂದು ಕರೆಯಲ್ಪಡುವ ಕುಟುಂಬಗಳ, ೧೨೩ ಮಕ್ಕಳನ್ನು ಎರಡು ಗುಂಪು ಮಾಡಿ, ೫೮ ಮಂದಿಗೆ ಉತ್ತಮ ಶಿಶುಶಿಕ್ಷಣವನ್ನು ಕೊಟ್ಟರು. ಶಿಕ್ಷಕಿಯರು ಪ್ರತಿ ವಾರ ಮನೆಗೂ ಹೋಗಿ ತಾಯಂದಿರೊಡನೆ ಕುಳಿತುಕೊಳ್ಳುತ್ತಿದ್ದರು. ಬುದ್ಧಿಪರೀಕ್ಷೆಯಲ್ಲಿ ಆ ಮಕ್ಕಳಿಗೆ ದೊರೆತ ಹೆಚ್ಚಿನ ಅಂಕವು ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ನಲವತ್ತನೆಯ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದಾಗ, ಶಾಲೆಯನ್ನು ಮುಗಿಸಿದವರು, ಸಂಪಾದನೆಯಲ್ಲಿ ನಿಂತವರು ಆ ಗುಂಪಿನಲ್ಲಿಯೇ ಹೆಚ್ಚು. ಪೋಲೀಸರ ಕೈಗೆ ಸಿಕ್ಕವರು ಕಡಿಮೆ. ಒಪ್ಪಿಸುವ ಪದ್ಯವು ಮರೆತುಹೋಗುತ್ತದೆ. ಕೇಳಿದರೆ ಉತ್ತರ ದೊರೆಯುವುದೆಂಬ ನಂಬಿಕೆ ಉಳಿಯುತ್ತದೆಂದು ನಾವು ಇದರಿಂದ ತಿಳಿಯುತ್ತೇವೆ.

ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುವ ಅಳತೆಯೊಂದಿದೆ, ಅದು ಮನೆಮಾತು. ಹವ್ಯಕರ ಮಗುವು ‘ಆನು’ ಎನ್ನುತ್ತದೆ, ‘ನಾನು’ ಎನ್ನುವುದಿಲ್ಲ. ಯಲ್ಲಾಪುರದ ಕಡೆಯ ಸಿದ್ದಿಯರ ಮನೆಗಳಲ್ಲಿ ಕೊಂಕಣಿ ಬೆರೆತ ಮಾತು. ಗೌಳಿಗರ ದೊಡ್ಡಿಗಳಲ್ಲಿ ಮರಾಠಿಯ ಒಂದು ಬಗೆ. ಈ ಮಕ್ಕಳಿಗೆ ಪುಸ್ತಕದ ಕನ್ನಡವೇ ಹೊಸದು. ಇಂಗ್ಲಿಷಿನ ಮಾತಂತೂ ದೂರವೇ ಉಳಿಯಿತು. ನೀರು ಬೇಕೆಂದು ತನ್ನ ಮಾತಿನಲ್ಲಿ ಕೇಳಿದ ಮಗುವಿಗೆ ನೀರು ಸಿಕ್ಕುವ ಶಾಲೆ ಒಳ್ಳೆಯದು. ಮೊದಲು ಮಾತನ್ನು ತಿದ್ದಿ ಅನಂತರ ನೀರು ಕೊಡುವ ಶಾಲೆ ಅಷ್ಟು ಒಳ್ಳೆಯದಲ್ಲ. ಮೇಲೆ ಹೇಳಿದ ನೀತಿಯೂ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯರಿಗೆ ಮನೆಮಾತೇ ಆಗಬೇಕೆಂದು ಒತ್ತಿ ಹೇಳಿವೆ.

ಇಷ್ಟನ್ನು ತಿಳಿದುಕೊಂಡ ಮೇಲೆ, ದಸರೆಯ ರಜೆ ಮುಗಿದೊಡನೆ ನಾವು ನಮ್ಮೂರ ಅಂಗನವಾಡಿಯಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿದೆವು. ಹದಿಮೂರು ಮಕ್ಕಳು, ಒಬ್ಬರು ಅಕ್ಕೋರು, ಒಬ್ಬರು ಸಹಾಯಕಿ. ಮಾಡಿನ ಒಂದು ಮೂಲೆ ಸೋರಿ ಗೋಡೆ ಕಪ್ಪಾಗಿತ್ತು. ಆದರೆ ಅಕ್ಕೋರಿಗೆ ಪ್ರತಿ ಮಗುವಿನ ಹೆಸರು, ಅದರ ಮನೆಯ ದನದ ಹೆಸರು ಸಹ ಗೊತ್ತಿತ್ತು. ಅಳುತ್ತ ಬಂದ ಒಂದು ಕೂಸನ್ನು ಸಹಾಯಕಿಯು ಸೊಂಟಕ್ಕೆ ಎತ್ತಿಕೊಂಡೇ ಅನ್ನಕ್ಕೆ ನೀರಿಟ್ಟಳು. ಊಟ ಬಿಸಿಯಾಗಿತ್ತು, ಕೈ ತೊಳೆಸಿಯೇ ಬಡಿಸಿದರು.

ಕೊರತೆಗಳೂ ಕಂಡವು. ಬೆಳಗಿನ ಒಂದು ಗಂಟೆಯು ದಾಖಲೆ ಬರೆಯುವುದರಲ್ಲಿ ಮತ್ತು ೨೦೨೧ರಲ್ಲಿ ಬಂದ ಪೋಷಣ್ ಟ್ರ್ಯಾಕರಿಗೆ ಮೊಬೈಲಿನಲ್ಲಿ ಲೆಕ್ಕ ತುಂಬುವುದರಲ್ಲಿ ಕಳೆಯಿತು. ಬೆಟ್ಟದ ಮರೆಯಲ್ಲಿ ಸಂಕೇತವೂ ಸರಿಯಾಗಿ ಸಿಕ್ಕದು. ಅಂಗನವಾಡಿಗೆ ವಿಧಿಸಿದ ಆರು ಕೆಲಸಗಳಲ್ಲಿ ಮಕ್ಕಳ ಶಿಕ್ಷಣ ಒಂದು ಮಾತ್ರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳುವಳಿಕೆ, ಇವು ಉಳಿದ ಐದು. ಇನ್ನು ಆಟದ ಸಾಮಾನುಗಳು ಕಪಾಟಿನಲ್ಲಿ ಬೀಗದೊಳಗಿದ್ದವು. ಏಕೆಂದು ಕೇಳಿದೆವು.

“ಮುರಿದುಹೋದರೆ ಲೆಕ್ಕ ಕೇಳುತ್ತಾರಲ್ಲ, ಯಾರು ಉತ್ತರ ಕೊಡುವುದು?” ಎಂದರು ಅಕ್ಕೋರು.

ನಾವು ಬಾಲವಿಕಾಸ ಸಮಿತಿಯ ತಾಯಂದಿರನ್ನು ಕಂಡು ಮಾತನಾಡಿದೆವು. ಆಡಿ ಮುರಿದುದಕ್ಕೆ ಅಕ್ಕೋರು ಹೊಣೆಯಲ್ಲವೆಂದು ಸಮಿತಿಯೇ ಬರೆದುಕೊಟ್ಟಿತು. ಮರುವಾರ ಕಪಾಟು ತೆರೆಯಿತು. ಒಬ್ಬರು ತೋಟದಿಂದ ಅಡಿಕೆಯ ಹಾಳೆಗಳನ್ನು ತಂದು ಹಾಕಿದರು. ಒಬ್ಬರು ಕುಳಿತು ಒಬ್ಬರು ಎಳೆಯುವ ಆ ಬಂಡಿಯ ಮುಂದೆ ಪೇಟೆಯ ಗೊಂಬೆಗಳು ಮೂಲೆ ಸೇರಿದವು.

ಮೊಮ್ಮಗಳನ್ನು ಅಲ್ಲಿಗೇ ಸೇರಿಸಿದೆವು. “ಹೆಗಡೇರ ಮನೆ ಮಗು ಅಂಗನವಾಡಿಗೆ!” ಎಂದು ಆಡಿಕೊಂಡವರುಂಟು. ಮೊದಲ ವಾರ ಅಲ್ಲಿಯೂ ಅತ್ತಳು. ಈಗ ಹಾಸಿಗೆ ಒದ್ದೆಯಾಗುವುದು ನಿಂತಿದೆ. ಇಂಗ್ಲಿಷ್ ಪದ್ಯಗಳಲ್ಲಿ ಎರಡು ಮರೆತಿವೆ. ಪೇಟೆಯ ಶಾಲೆಗಳೆಲ್ಲ ಕೆಟ್ಟವು, ಅಂಗನವಾಡಿಗಳೆಲ್ಲ ಒಳ್ಳೆಯವು ಎಂದು ನಾವು ಹೇಳುತ್ತಿಲ್ಲ. ಎರಡು ಕಡೆಯೂ ಎರಡು ಬಗೆಯವು ಇವೆ. ಒಳಗೆ ಹೋಗಿ ಕುಳಿತು ನೋಡದೆ ತೀರ್ಮಾನಿಸಬಾರದೆಂಬುದಷ್ಟೇ ನಮ್ಮ ವಾದ.

ಒಂದು ಮಾತನ್ನಂತೂ ಗೃಹಸ್ಥರು ಆಲೋಚಿಸಬೇಕು. ಉಳ್ಳವರ ಮಕ್ಕಳು ಬಿಟ್ಟುಹೋದ ಅಂಗನವಾಡಿಯ ಸೋರುವ ಮಾಡನ್ನು ಕೇಳುವವರು ಯಾರು? ನಮ್ಮ ತೋಟದಲ್ಲಿ ಕೊನೆ ಹೊರುವವರ, ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವವರ ಮಕ್ಕಳಿಗೆ ಬೇರೆ ಶಾಲೆಯಿಲ್ಲ. ನಮ್ಮ ಮಗು ಅಲ್ಲಿ ಇರಲಿ, ಇಲ್ಲದಿರಲಿ, ತಿಂಗಳಿಗೆ ಒಂದು ಬೆಳಗ್ಗೆ ಅಲ್ಲಿ ಕುಳಿತು ಬರುವುದು ನಮ್ಮಿಂದಾಗದ ಕೆಲಸವಲ್ಲ. ಹೋದಾಗ ಮಗುವಿಗೆ ಅಕ್ಷರ ಬಂದಿತೇ ಎಂದು ಕೇಳಬೇಡಿರಿ. ಅಕ್ಕೋರು ಎಷ್ಟು ಸಲ ಬಗ್ಗಿ ಮಗುವಿನ ಮುಖಕ್ಕೆ ಮುಖಕೊಟ್ಟು ಮಾತನಾಡಿದರು, ಎಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು, ಕಪಾಟಿನ ಬೀಗ ತೆರೆದಿದೆಯೇ ಎಂಬುದನ್ನು ನೋಡಿರಿ. ಹಿಂದಿರುಗುವಾಗ ದಾರಿಯ ಕಾಲುಸಂಕವನ್ನೂ ಒಮ್ಮೆ ಅಲುಗಿಸಿ ನೋಡಿರಿ. ಸಡಿಲವಾಗಿದ್ದರೆ ಮಿರ್ಗದ ಮಳೆ ಹಿಡಿಯುವ ಮುಂಚೆಯೇ ನಾಲ್ಕು ಮನೆಯವರು ಸೇರಿ ಅದನ್ನು ಭದ್ರಪಡಿಸಿರಿ.