ಗದ್ದಲದ ಹಕ್ಕಿಗೆ ಪಿಸುಮಾತಿನ ಬೇಟೆ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಮಗ್ಗುಲಿಗೆ ಈಗ ಒಂದು ದೈತ್ಯ ವಿಮಾನ ನಿಂತಿದೆ. ಉದ್ದ 53 ಮೀಟರ್, ರೆಕ್ಕೆಯ ಹರವು 50 ಮೀಟರ್. ನೌಕಾಪಡೆಯಲ್ಲಿ 29 ವರ್ಷ ದುಡಿದು ನಿವೃತ್ತಿಯಾದ ರಷ್ಯಾ ಮೂಲದ ಟುಪೊಲೆವ್-142 ಇದು.

ಮೊದಲು ಕಣ್ಣಿಗೆ ಬೀಳುವುದು ಪ್ರೊಪೆಲರ್. ರೆಕ್ಕೆಗಳೋ ಜೆಟ್ ವಿಮಾನದವುಗಳಂತೆ ಹಿಂದಕ್ಕೆ ಬಾಗಿವೆ. ಅವುಗಳ ಮೇಲೆ ಹಳೇ ಕಾಲದ ಫ್ಯಾನುಗಳೇಕೆ? ಉತ್ತರ ಇಂಧನದ ಲೆಕ್ಕದಲ್ಲಿದೆ. 1950ರ ದಶಕದಲ್ಲಿ ಇದರ ಅಣ್ಣ, ಟುಪೊಲೆವ್-95 ಬಾಂಬರ್, ರೂಪುಗೊಂಡಾಗ ಜೆಟ್ ಎಂಜಿನ್‌ಗಳು ವಿಪರೀತ ಇಂಧನ ಕುಡಿಯುತ್ತಿದ್ದವು. ಹಾಗಾಗಿ ತಲಾ ಸುಮಾರು 15,000 ಅಶ್ವಶಕ್ತಿಯ ನಾಲ್ಕು ಟರ್ಬೊಪ್ರಾಪ್ ಎಂಜಿನ್‌ಗಳನ್ನು ಕೂರಿಸಿದರು. ಅಷ್ಟು ಬಲವನ್ನು ಒಂದೇ ಫ್ಯಾನು ತಾಳಿಕೊಳ್ಳದು. ಪ್ರತಿ ಎಂಜಿನ್‌ಗೂ ಒಂದರ ಹಿಂದೊಂದು ಎರಡು ಫ್ಯಾನು. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಪರಿಣಾಮ, ಗಂಟೆಗೆ 900 ಕಿಲೋಮೀಟರ್ ಮೀರುವ ವೇಗ, ಹತ್ತು ಸಾವಿರ ಕಿಲೋಮೀಟರ್‌ಗೂ ಮಿಕ್ಕಿದ ಹಾರಾಟ. ಜತೆಗೆ ಕಿವಿಗಡಚಿಕ್ಕುವ ಸದ್ದು: ಪೂರ್ಣ ವೇಗದಲ್ಲಿ ಅಲಗಿನ ತುದಿಗಳು ಶಬ್ದವನ್ನೇ ಹಿಂದಿಕ್ಕುತ್ತವೆ.

ತಮಾಷೆಯೆಂದರೆ, ಇಷ್ಟು ಗದ್ದಲದ ಯಂತ್ರದ ಕಸುಬು ಕಡಲಾಳದ ಪಿಸುಮಾತು ಆಲಿಸುವುದು.

ಜಲಾಂತರ್ಗಾಮಿ ಇರಬಹುದಾದ ಕಡೆ ವಿಮಾನ ಸೋನೊಬಾಯ್‌ಗಳನ್ನು ಉದುರಿಸುತ್ತದೆ. ಅವು ನೀರ ಮೇಲೆ ತೇಲುತ್ತ, ಕೇಬಲ್ಲಿನ ತುದಿಯ ಮೈಕನ್ನು ಆಳಕ್ಕಿಳಿಸಿ, ಕೇಳಿಸಿದ್ದನ್ನು ರೇಡಿಯೊ ಮೂಲಕ ಮೇಲಕ್ಕೆ ಒಪ್ಪಿಸುತ್ತವೆ. ಬಾಲದ ನೆತ್ತಿಯ ಚೂಪು ಕೊಳವೆಯಲ್ಲಿ ಇನ್ನೊಂದು ಉಪಕರಣ: ಉಕ್ಕಿನ ಭಾರೀ ಒಡಲು ಭೂಮಿಯ ಕಾಂತಕ್ಷೇತ್ರದಲ್ಲಿ ಎಬ್ಬಿಸುವ ಅಲ್ಪ ಏರುಪೇರನ್ನು ಅದು ಹಿಡಿಯುತ್ತದೆ. ಗುರುತು ಖಚಿತವಾದರೆ ಟಾರ್ಪಿಡೊ ಸಿದ್ಧ. ಬಾಲದ ಬುಡದಲ್ಲಿ ಎರಡನೇ ಮಹಾಯುದ್ಧದ ಚಾಳಿ ಬಿಡದ ಜೋಡಿ ತುಪಾಕಿಯೂ ಉಂಟು!

1988ರಲ್ಲಿ ಗೋವಾದ ದಾಬೋಲಿಂನಲ್ಲಿ ಸೇವೆ ಆರಂಭಿಸಿದ ಈ ಮಾದರಿಯ ಎಂಟು ವಿಮಾನಗಳು 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. ಅಲ್ಲಿನ ರನ್‌ವೇ ನಾಲ್ಕು ಕಿಲೋಮೀಟರ್‌ಗೂ ಉದ್ದ. 1988ರ ಮಾಲ್ದೀವ್ಸ್ ಕಾರ್ಯಾಚರಣೆ, ಶ್ರೀಲಂಕಾದ ಕಾರ್ಯಾಚರಣೆ, 1999ರ ಕಾರ್ಗಿಲ್ ದಿನಗಳ ಕಡಲ ಕಾವಲು, ಮುಂದೆ ಕಡಲ್ಗಳ್ಳರ ಮೇಲಿನ ನಿಗಾ, ಎಲ್ಲದರಲ್ಲೂ ಇವು ಇದ್ದವು. ಯುದ್ಧದಲ್ಲಿ ಟಾರ್ಪಿಡೊ ಸಿಡಿಸಿ ಹೆಸರು ಮಾಡಿದ್ದಿಲ್ಲ. ಆದರೂ 30,000 ಗಂಟೆಗಳ ಅಪಘಾತರಹಿತ ಹಾರಾಟವನ್ನು ಸಣ್ಣ ಸಾಧನೆ ಎನ್ನಲಾಗದು.

2017ರ ಮಾರ್ಚ್ 29ರಂದು ಅರಕ್ಕೋಣಂನಲ್ಲೇ ಬೀಳ್ಕೊಡುಗೆ ನಡೆಯಿತು. ಆ ಜಾಗಕ್ಕೆ ಬಂದ ಬೋಯಿಂಗ್ ಪಿ-8ಐಗೆ ಜೆಟ್ ಎಂಜಿನ್. ಜೆಟ್‌ಗಳ ಹೊಟ್ಟೆಬಾಕತನ ಅಷ್ಟರಲ್ಲಿ ಸಾಕಷ್ಟು ತಗ್ಗಿತ್ತು.

ಟುಪೊಲೆವ್‌ಗಳಲ್ಲೊಂದು ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಆಗಿದೆ. ಇನ್ನೊಂದನ್ನು ಬಿಡಿಬಿಡಿಯಾಗಿ ಕಳಚಿ, ಲಾರಿಗಳಲ್ಲಿ ಕಾರವಾರಕ್ಕೆ ತಂದು ಮರುಜೋಡಿಸಿದರು. ಆ ಕಡೆ ಹೋದಾಗ ಒಂದು ಎಂಜಿನ್ನಿನ ಅಲಗುಗಳನ್ನು ಎಣಿಸಿ ನೋಡಿ: ಮುಂದೆ ನಾಲ್ಕು, ಹಿಂದೆ ನಾಲ್ಕು.