ಕೊಂಬಿನಿಂದ ಕುಲವೆ?

ಮಳೆ ಬಿದ್ದ ಮಾರನೆಯ ದಿನ ಗೋಮಾಳದ ಸಗಣಿಯನ್ನು ಕಡ್ಡಿಯಿಂದ ಸರಿಸಿ ನೋಡಿರಿ. ಕಡಲೆಕಾಳಿನಷ್ಟು ಗಾತ್ರದ ಕರಿಯ ಹುಳುಗಳು ಮಣ್ಣಿನೊಳಕ್ಕೆ ನುಸುಳುವುವು. ಇವುಗಳಲ್ಲಿ ಹಲವು ಆಂಥೋಫೇಗಸ್ ಎಂಬ ಕುಲಕ್ಕೆ ಸೇರಿದುವು. ಗ್ರೀಕ್ ಭಾಷೆಯ ಈ ಹೆಸರಿಗೆ 'ಸಗಣಿಯನ್ನು ತಿನ್ನುವುದು' ಎಂದರ್ಥ. ಫ್ರಾನ್ಸಿನ ಲಾತ್ರೇಯ್ ಎಂಬ ಪಂಡಿತನು 1802 ರಲ್ಲಿ ಈ ಕುಲವನ್ನು ಏರ್ಪಡಿಸಿದನು. ಇಂದು ಇದರಲ್ಲಿ 2,000 ಕ್ಕೂ ಹೆಚ್ಚು ಪ್ರಭೇದಗಳು ತಿಳಿದುಬಂದಿವೆ.

ಅದೇ ಸಗಣಿಯಲ್ಲಿ ಅಫೋಡಿಯಸ್ ಬಳಗದ ಸಣ್ಣ ಹುಳುಗಳೂ ಇರುವುದರಿಂದ ಮೋಸಹೋಗುವುದು ಸುಲಭ. ಅವುಗಳ ಹೊರರೆಕ್ಕೆಗಳೆರಡೂ ಕೂಡುವ ಬುಡದಲ್ಲಿ ಪುಟ್ಟ ತ್ರಿಕೋಣವೊಂದು ಕಾಣುವುದು. ಹಿಂಗಾಲಿನ ಜಂಘೆಯ ತುದಿಯಲ್ಲಿ ಎರಡು ಮುಳ್ಳುಗಳಿರುವುವು. ಆಂಥೋಫೇಗಸ್ಸಿನಲ್ಲಿ ಆ ತ್ರಿಕೋಣವು ಕಾಣದು, ಮುಳ್ಳು ಒಂದೇ, ನಡುಗಾಲುಗಳ ಬುಡಗಳು ದೂರದೂರ. ಉಂಡೆಯುರುಳಿಸುವ ಹುಳುಗಳ ಹಿಂಗಾಲುಗಳು ನೀಳವಾಗಿ ಬಾಗಿರುವುವು. ಇದರವಾದರೋ ಗಿಡ್ಡವಾಗಿ ತುದಿಗೆ ಅಗಲವಾಗುವುವು. ಇದು ಉರುಳಿಸುವ ಹುಳುವಲ್ಲ. ಸಗಣಿಯ ಕೆಳಗೇ ಬಿಲವನ್ನು ತೋಡಿ, ಮರಿಗೆ ಬೇಕಾದ ಬುತ್ತಿಯನ್ನು ಕೂಡಿಟ್ಟು ಮೊಟ್ಟೆಯಿಡುವುದು.

ಇನ್ನು ಕೊಂಬಿನ ಮಾತು. ಅನೇಕ ಪ್ರಭೇದಗಳಲ್ಲಿ ಗಂಡಿನ ತಲೆಯ ಮೇಲೆ ಕೊಂಬುಗಳುಂಟು. ನಾನು ಉಪಾಧ್ಯಾಯನಾಗಿದ್ದಾಗ ಮಕ್ಕಳು ತಂದ ಹುಳುಗಳನ್ನು ಉದ್ದ ಕೊಂಬಿನವು, ಮೋಟು ಕೊಂಬಿನವು, ಬೋಳು ತಲೆಯವು ಎಂದು ಮೂರು ಡಬ್ಬಿಗಳಲ್ಲಿಟ್ಟು, ಮೂರು ಜಾತಿಗಳೆಂದು ಪಾಠ ಹೇಳಿದೆನು. ದನಗಾಹಿಯ ಮಗನೊಬ್ಬನು ಎದ್ದು, "ಸ್ವಾಮೀ, ಇವೆಲ್ಲಾ ಒಂದೇ ಬಿಲದಾಗಿದ್ವು" ಎಂದನು. ನಾನು ಗದರಿಸಿ ಕೂರಿಸಿದೆನು.

ವರುಷಗಳ ಮೇಲೆ, ಈ ವಿಷಯವನ್ನು ಓದಿದ ಬಳಿಕ, ಆ ಡಬ್ಬಿಗಳನ್ನು ತೆಗೆದು ಭೂತಗನ್ನಡಿಯಲ್ಲಿ ನೋಡಿದೆನು. ಹುಡುಗನ ಮಾತೇ ದಿಟ. ಬೋಳು ತಲೆಯವು ಹೆಣ್ಣುಗಳು. ಮಿಕ್ಕವೆರಡೂ ಒಂದೇ ಪ್ರಭೇದದ ಗಂಡುಗಳು. ಮರಿಯಾಗಿದ್ದಾಗ ಬುತ್ತಿ ಸಮೃದ್ಧವಾಗಿ ದೊರೆತುದಕ್ಕೆ ಉದ್ದ ಕೊಂಬು, ಸಾಲದಾದುದಕ್ಕೆ ಮೋಟು ಕೊಂಬು. ದೊಡ್ಡದು ಬಿಲದ ಬಾಗಿಲಲ್ಲಿ ನಿಂತು ಕಾದಾಡುವುದು. ಚಿಕ್ಕದು ಪಕ್ಕದಲ್ಲಿ ಸುರಂಗ ತೋಡಿ ಕಳ್ಳತನದಿಂದ ಹೆಣ್ಣಿನ ಬಳಿಗೆ ಹೋಗುವುದು. ಇಂಥ ಕೊಂಬಿನ ಉದ್ದವು ಉಂಡ ಅನ್ನದ ಗುರುತು, ಕುಲದ ಗುರುತಲ್ಲ.

ಪಂಡಿತರೂ ತಮ್ಮ ಎಣಿಕೆಯನ್ನು ತಿದ್ದಿಕೊಳ್ಳುವರು. ದನದ ಸಗಣಿಯನ್ನು ಮಣ್ಣುಗೂಡಿಸಲೆಂದು ಆಸ್ಟ್ರೇಲಿಯದಲ್ಲಿ 1968 ರಲ್ಲಿ ಬಿಟ್ಟ 'ಗಜೆಲ್ಲಾ' ಎಂಬ ಹುಳು ಆಗ ಆಂಥೋಫೇಗಸ್ಸೆನಿಸಿತ್ತು. ಈಗ ಡಿಜಿಟಾಂಥೋಫೇಗಸ್ ಎಂಬ ಬೇರೊಂದು ಕುಲಕ್ಕೆ ಸೇರಿದೆ. ಅವರಿಗಿಲ್ಲದ ನಾಚಿಕೆ ನನಗೇಕೆ ಬಂದಿತೋ! ಆ ಹುಡುಗನು ಈಗೆಲ್ಲಿರುವನೋ ಅರಿಯೆನು. ನಿಮ್ಮ ಮನೆಯ ಮಕ್ಕಳು ಹುಳುವೊಂದನ್ನು ಹಿಡಿದು ತಂದರೆ, ಹೆಸರು ಹೇಳುವ ಮುನ್ನ ಎಲ್ಲಿ ಸಿಕ್ಕಿತೆಂದು ಕೇಳಿರಿ.