ಗಡಿನಾಡಿನಿಂದ ಹೊರನಾಡಿಗೆ: ಚಿಂಚೋಳಿ ಎಂಐಡಿಸಿಯ ದಾರಿಯಲ್ಲಿ ಒಂದು ಮನೆಮಾತು

ಚಿಂಚೋಳಿ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರ. ಈ ಲೇಖನದ ಚಿಂಚೋಳಿ ಅದಲ್ಲ. ಸೊಲ್ಲಾಪುರದಿಂದ ಪುಣೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕೇಗಾಂವದ ವಿಶ್ವವಿದ್ಯಾಲಯದ ಆವರಣವನ್ನು ದಾಟಿ ಮುಂದೆ ಹೋದರೆ ಮೋಹೋಳ ತಾಲ್ಲೂಕಿನ ಚಿಂಚೋಳಿ ಕಾಟಿ ಎಂಬ ಹಳ್ಳಿ ಸಿಗುತ್ತದೆ. ಅದರ ನೆರೆಯಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು ಇದೆ. 1962ರಲ್ಲಿ ಸ್ಥಾಪನೆಯಾದ ಈ ನಿಗಮವನ್ನು ಮಹಾರಾಷ್ಟ್ರದ ಜನ ಎಂಐಡಿಸಿ ಎಂದೇ ಕರೆಯುತ್ತಾರೆ. ಕಾಲಾನಂತರದಲ್ಲಿ ಆ ನಾಲ್ಕಕ್ಷರ ಕಾರ್ಖಾನೆ ಇರುವ ಜಾಗಕ್ಕೇ ಹೆಸರಾಗಿಬಿಟ್ಟಿದೆ. ರಾಸಾಯನಿಕ, ಔಷಧಿಯ ಕಚ್ಚಾವಸ್ತು ಮತ್ತು ವಾಹನದ ಬಿಡಿಭಾಗಗಳನ್ನು ತಯಾರಿಸುವ ಘಟಕಗಳು ಇಲ್ಲಿವೆ. ಸುತ್ತಲೂ ಜೋಳದ ಹೊಲ, ಕಬ್ಬು, ನಡುವೆ ಹೊಗೆಗೊಳವೆ. ನಗರದಿಂದ ದೂರ ಸುಮಾರು 20 ಕಿ.ಮೀ. ಮಾತ್ರ.

ಸೊಲ್ಲಾಪುರ ಜಿಲ್ಲೆಯ ಕನ್ನಡ ಪ್ರದೇಶ ಇರುವುದು ಇದರ ವಿರುದ್ಧ ದಿಕ್ಕಿನಲ್ಲಿ. ನಗರದ ಆಗ್ನೇಯಕ್ಕೆ ಅಕ್ಕಲಕೋಟೆ ತಾಲ್ಲೂಕು, ತೆಂಕಣಕ್ಕೆ ದಕ್ಷಿಣ ಸೊಲ್ಲಾಪುರ ತಾಲ್ಲೂಕು, ಅವುಗಳಾಚೆಗೆ ಆಳಂದ, ಅಫಜಲಪುರ, ಇಂಡಿ. ಮೈಂದರ್ಗಿ ಅಥವಾ ದುಧನಿಯ ಪೇಟೆಯಲ್ಲಿ ಕನ್ನಡ ಆಡುವುದು ವಿಶೇಷ ಸಂಗತಿಯಲ್ಲ, ದಿನದ ವ್ಯವಹಾರ. ಅಲ್ಲಿ ಹುಟ್ಟಿ, ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಓದಿದ ಯುವಕನೊಬ್ಬ ಚಿಂಚೋಳಿಯ ಘಟಕದಲ್ಲಿ ಕೆಲಸ ಹಿಡಿದನೆಂದು ಭಾವಿಸೋಣ. ಅಕ್ಕಲಕೋಟೆಯಿಂದ ಅಲ್ಲಿಗೆ ಸುಮಾರು 60 ಕಿ.ಮೀ. ಆತ ರಾಜ್ಯದ ಗಡಿ ದಾಟುವುದಿಲ್ಲ, ಜಿಲ್ಲೆಯ ಗಡಿಯನ್ನೂ ದಾಟುವುದಿಲ್ಲ. ಆದರೂ ಒಂದು ಗಡಿ ದಾಟಿರುತ್ತಾನೆ. ಭಾಷಾ ಅಲ್ಪಸಂಖ್ಯಾತರಿಗಾಗಿ ಇರುವ ಬಹುಪಾಲು ವ್ಯವಸ್ಥೆಗಳು ಊರನ್ನು ಎಣಿಸುತ್ತವೆ, ಮನುಷ್ಯನನ್ನು ಹಿಂಬಾಲಿಸುವುದಿಲ್ಲ. ಕೆಲಸಕ್ಕಾಗಿ ಹಳ್ಳಿಗಾಡಿಗೆ ಹೋಗಿ ನೆಲೆಸುವವನು ಮನೆಮಾತನ್ನು ಜೊತೆಗೆ ಒಯ್ಯಬಲ್ಲ, ಶಾಲೆಯನ್ನು ಒಯ್ಯಲಾರ.

ಕೆಲಸಕ್ಕಾಗಿ ಜನ ಸೊಲ್ಲಾಪುರಕ್ಕೆ ಬರುವುದು ಹಳೆಯ ಕಥೆ. 1877ರಲ್ಲಿ ಇಲ್ಲಿ ಮೊದಲ ಹತ್ತಿ ಗಿರಣಿ ಹುಟ್ಟಿತು. ಅದನ್ನು ಇಂದಿಗೂ ‘ಜುನಿ ಮಿಲ್’ ಎಂದೇ ಗುರುತಿಸುತ್ತಾರೆ. ತೆಲಂಗಾಣದ ಕಡೆಯಿಂದ ತೆಲುಗು ಮಾತಾಡುವ ಪದ್ಮಶಾಲಿ ನೇಕಾರರು ಬಂದರು. ಕನ್ನಡದವರು ಹೊರಗಿನಿಂದ ಬರಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಸಿದ್ಧರಾಮನ ಸೊನ್ನಲಿಗೆಯೇ ಇದು. ಡಿ. ಆರ್. ಗಾಡ್ಗೀಳರು 1965ರಲ್ಲಿ ಪ್ರಕಟಿಸಿದ ಸೊಲ್ಲಾಪುರ ನಗರದ ಸಾಮಾಜಿಕ-ಆರ್ಥಿಕ ಅಧ್ಯಯನ ಈ ಬಹುಭಾಷಿಕ ಕಾರ್ಮಿಕ ನಗರವನ್ನು ಕುರಿತದ್ದು. ಭಾಷೆಯ ದೃಷ್ಟಿಯಿಂದ ಗಿರಣಿ ಮಾಡಿದ ಮುಖ್ಯ ಕೆಲಸವೆಂದರೆ ಪೇಟೆಗಳನ್ನು ಬೆಳೆಸಿದ್ದು. ನಗರದ ಪೂರ್ವಭಾಗ ತೆಲುಗಿನದಾಯಿತು, ಕಸಬಾ ಮತ್ತು ಬಾಳಿವೇಸಿನ ಸುತ್ತ ಕನ್ನಡ ಉಳಿಯಿತು. ಪಾಳಿ ಮುಗಿಸಿದ ಕಾರ್ಮಿಕ ತನ್ನ ಮಾತಿನ ಓಣಿಗೆ ಮರಳುತ್ತಿದ್ದ. ಓಣಿಯಿದ್ದಲ್ಲಿ ಗುಡಿ, ಭಜನೆ, ಮದುವೆಯ ಮಾತುಕತೆ, ಕೊನೆಗೆ ಶಾಲೆ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತವು. ಚಾದರ ಮತ್ತು ಟವೆಲಿನ ಯಂತ್ರಮಗ್ಗಗಳು ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ನೆಲೆಕಂಡವು. ಅದು ನಗರಕ್ಕೆ ಅಂಟಿಕೊಂಡದ್ದು, ಕನ್ನಡ ಪ್ರದೇಶದ ಕಡೆಗೇ ಮುಖ ಮಾಡಿದ್ದು. ಚಿಂಚೋಳಿಯ ವಸಾಹತಿನ ಸ್ವಭಾವ ಬೇರೆ. ಅಲ್ಲಿ ಹಂಚಿದ್ದು ಕಾರ್ಖಾನೆಗಳ ನಿವೇಶನಗಳನ್ನು, ವಾಸದ ಪೇಟೆಗಳನ್ನಲ್ಲ. ನೌಕರನ ಮುಂದೆ ಎರಡು ದಾರಿಗಳು. ನಗರದಲ್ಲೇ ಉಳಿದು ಕಂಪನಿಯ ಬಸ್ಸಿನಲ್ಲೋ ಮೋಟಾರು ಬೈಕಿನಲ್ಲೋ ದಿನವೂ ಓಡಾಡುವುದು ಒಂದು. ಹತ್ತಿರದ ಹಳ್ಳಿಯಲ್ಲಿ ಬಾಡಿಗೆಗೆ ಖೋಲಿ ಹಿಡಿಯುವುದು ಇನ್ನೊಂದು. ರಾತ್ರಿ ಪಾಳಿ ಇರುವವನಿಗೆ, ಅದರಲ್ಲೂ ಅಕ್ಕಲಕೋಟೆಯ ಹಳ್ಳಿಯಿಂದ ಬಂದವನಿಗೆ, ಎರಡನೆಯದು ಬೇಗ ಅನಿವಾರ್ಯವಾಗುತ್ತದೆ. ಮದುವೆಯಾದ ಮೇಲೆ ಹೆಂಡತಿ ಬರುತ್ತಾಳೆ, ಮಗು ಹುಟ್ಟುತ್ತದೆ. ಆ ಹಳ್ಳಿಗಳ ನೆರೆಹೊರೆಯ ಮಾತು ಮರಾಠಿ.

ಕೆಲಸದ ಜಾಗದ ಮರಾಠಿ ಇವನಿಗೆ ಕಷ್ಟವಾಗುವುದಿಲ್ಲವೆಂಬುದನ್ನು ಒಪ್ಪಬೇಕು. ಈ ಭಾಗದ ಕನ್ನಡದಲ್ಲಿ ದುಡಿಮೆಯ ಶಬ್ದಗಳು ಮೊದಲಿನಿಂದಲೂ ಹಂಚಿಕೊಂಡವೇ: ಪಗಾರ, ಪಾಳಿ, ಹಜೇರಿ, ಸೂಟಿ, ಮುಕಾದಮ, ಗಿರಣಿ. ಇವುಗಳಲ್ಲಿ ಪಗಾರ ಪೋರ್ಚುಗೀಸಿನಿಂದ ಬಂದದ್ದು, ಹಜೇರಿ ಮತ್ತು ಮುಕಾದಮ ಅರಬಿ ಮೂಲದವು. ಮರಾಠಿ ಇವಕ್ಕೆ ದಾರಿ ಮಾತ್ರ. ಸಂಬಂಧವಾಚಕಗಳಲ್ಲೂ ಹಾಗೆಯೇ, ಹಿರಿಯ ಸಹೋದ್ಯೋಗಿಯನ್ನು ‘ಕಾಕಾ’ ಎಂದು ಕರೆಯಲು ಕನ್ನಡದವನು ಮರಾಠಿ ಕಲಿಯಬೇಕಿಲ್ಲ. ಹೊಸದಾಗಿ ಕಲಿಯಬೇಕಾದದ್ದು ‘ಖಾಡಾ’ (ಗೈರುಹಾಜರಿಯ ದಿನ), ‘ಉಚಲ’ (ಮುಂಗಡ), ‘ಕಂತ್ರಾಟಿ’ (ಗುತ್ತಿಗೆಯ ನೌಕರ) ಇಂಥ ಕೆಲವೇ ಮಾತು. ಮಾತು ತಿಳಿಯುವುದು ಬೇರೆ, ಬರಹ ತಿಳಿಯುವುದು ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದವನ ಓದುವ ಸಲೀಸು ಕನ್ನಡ ಲಿಪಿಯಲ್ಲೇ ಇರುತ್ತದೆ. 1948ರ ಕಾರ್ಖಾನೆ ಕಾಯ್ದೆಯ 108ನೆಯ ಕಲಮು, ಕಾರ್ಖಾನೆಯಲ್ಲಿ ತೂಗುಹಾಕುವ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ಅಲ್ಲಿನ ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತು. 1946ರ ಸ್ಥಾಯಿ ಆದೇಶಗಳ ಕಾಯ್ದೆಯೂ ವೇತನ ಪಾವತಿ ಕಾಯ್ದೆಯೂ ಇದೇ ಅಳತೆಯನ್ನು ಬಳಸಿದವು. ಅಳತೆ ನ್ಯಾಯವಾದದ್ದೇ, ಆದರೆ ಅದರ ಕಣ್ಣಿಗೆ ಬೀಳುವುದು ಬಹುಸಂಖ್ಯೆ ಮಾತ್ರ. ಚಾದರದ ಕಾರ್ಖಾನೆಯಲ್ಲಿ ಫಲಕವನ್ನು ಅರ್ಧ ಓದಿದರೂ ನಡೆದೀತು. ಆಮ್ಲ, ದ್ರಾವಕಗಳ ಘಟಕದಲ್ಲಿ ಅದೇ ಮಾತನ್ನು ಹೇಳಲಾಗದು.

ಇಲ್ಲಿ ಇನ್ನೊಂದು ವಿಚಿತ್ರವಿದೆ. ಅಫಜಲಪುರದ ಕನ್ನಡಿಗನೂ ಅಕ್ಕಲಕೋಟೆಯ ಕನ್ನಡಿಗನೂ ಒಂದೇ ರಸ್ತೆಯಲ್ಲಿ ಬಂದು ಒಂದೇ ಯಂತ್ರದ ಮುಂದೆ ನಿಂತರೂ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಎದುರು ಅವರು ಸಮಾನರಾಗಿರಲಿಲ್ಲ. ಗುತ್ತಿಗೆದಾರನ ಮೂಲಕ ರಾಜ್ಯದ ಗಡಿ ದಾಟಿ ಬಂದವನಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಅಕ್ಕಲಕೋಟೆಯವನು ಕಾನೂನಿನ ಪ್ರಕಾರ ವಲಸೆಗಾರನೇ ಅಲ್ಲ.

ಶಾಲೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಸಂವಿಧಾನದ 350ಎ ವಿಧಿ, 1956ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ‘ಸಾಕಷ್ಟು’ ಎಂಬುದರ ಲೆಕ್ಕ ಅದಕ್ಕೂ ಹಳೆಯದು. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಒಬ್ಬ ಶಿಕ್ಷಕನನ್ನು ಕೊಡಬೇಕೆಂದು ನಿರ್ಣಯಿಸಿತು. ಸರ್ಕಾರಿ ಪ್ರಕಟಣೆಗಳನ್ನು ಅಲ್ಪಸಂಖ್ಯಾತರ ಭಾಷೆಯಲ್ಲಿ ಹೊರಡಿಸಲು ಜಿಲ್ಲೆಯಲ್ಲಿಯೋ ತಾಲ್ಲೂಕಿನಲ್ಲಿಯೋ ಆ ಭಾಷಿಕರು ಶೇ. 15ರಷ್ಟಾದರೂ ಇರಬೇಕೆಂಬ ಗೆರೆ ಮುಂದೆ ಬಂತು. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಹಳ್ಳಿಯಲ್ಲಿ 40ರ ಗೆರೆ ದಾಟುವುದು ಕಷ್ಟವಲ್ಲ. ಚಿಂಚೋಳಿಯ ಸುತ್ತಣ ಬೇರೆ ಬೇರೆ ಹಳ್ಳಿಗಳಲ್ಲಿ ಖೋಲಿ ಹಿಡಿದು ಚದುರಿದ ಕುಟುಂಬಗಳ ಮಕ್ಕಳು ಒಂದೇ ಶಾಲೆಯ ಒಂದೇ ತರಗತಿಯಲ್ಲಿ ಹತ್ತು ಜನ ಆಗುವುದು ಕಷ್ಟ. ಈ ಚದುರುವಿಕೆಯನ್ನು ಊಹಿಸಿಯೇ ಭಾಷಾ ಅಲ್ಪಸಂಖ್ಯಾತರ ರಕ್ಷಣೋಪಾಯಗಳಲ್ಲಿ ಮುಂಗಡ ನೋಂದಣಿಯ ಪುಸ್ತಕವನ್ನೂ ಶಾಲೆ ಶಾಲೆಗಳ ನಡುವೆ ಮಕ್ಕಳನ್ನು ಹೊಂದಿಸುವ ಕ್ರಮವನ್ನೂ ಸೇರಿಸಲಾಗಿತ್ತು. ಶಾಲಾ ವರ್ಷಕ್ಕೆ ಮೊದಲೇ ಹೆಸರು ಬರೆಸಬೇಕೆಂಬುದು ಆ ಕ್ರಮದ ತಿರುಳು. ವರ್ಷದ ನಡುವೆ ಗುತ್ತಿಗೆಯ ಕೆಲಸ ಸಿಕ್ಕಿ ಬಂದವನಿಗೆ ಅದರಿಂದ ಆಗುವ ಉಪಯೋಗ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟಿ.ಎಂ.ಎ. ಪೈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಅಲ್ಪಸಂಖ್ಯಾತರನ್ನು ನಿರ್ಧರಿಸಲು ರಾಜ್ಯವೇ ಘಟಕವೆಂದಿತು. ಆದ್ದರಿಂದ ಮಹಾರಾಷ್ಟ್ರದ ಕನ್ನಡಿಗ ಮೈಂದರ್ಗಿಯಲ್ಲಿದ್ದರೂ ಚಿಂಚೋಳಿಯಲ್ಲಿದ್ದರೂ ಅಲ್ಪಸಂಖ್ಯಾತನೇ, 30ನೆಯ ವಿಧಿಯ ಹಕ್ಕು ಅವನಿಗೆ ಎರಡೂ ಕಡೆ ಇದೆ. ಹಕ್ಕು ರಾಜ್ಯದುದ್ದಕ್ಕೂ ಇದೆ, ಸೌಲಭ್ಯ ಮಾತ್ರ ತಾಲ್ಲೂಕಿನ ಎಣಿಕೆಗೆ ಕಟ್ಟಿಬಿದ್ದಿದೆ. ಪಾಳಿಯ ಕಾರ್ಮಿಕ ತನ್ನ ಮಗುವಿಗಾಗಿ ಶಾಲೆ ಕಟ್ಟಲಾರ.

ಗಡಿಯ ಈಚೆಗೂ ಪಟ್ಟಿಗಳದೇ ಆಳ್ವಿಕೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡು ಕನ್ನಡಿಗರೆಂಬ ಅರ್ಹತಾ ವರ್ಗವಿದೆ. ಅದರಲ್ಲಿ ಹೆಸರಿಸಿದ ಮಹಾರಾಷ್ಟ್ರದ ತಾಲ್ಲೂಕುಗಳು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗಡಹಿಂಗ್ಲಜ. ಕೇರಳದವು ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಅಭ್ಯರ್ಥಿ ಆ ತಾಲ್ಲೂಕುಗಳ ಮೂಲದವನಾಗಿರುವುದು ಸಾಲದು, ಅವುಗಳ ಒಳಗೇ ಓದಿರಬೇಕು. ಮೋಹೋಳ ಆ ಪಟ್ಟಿಯಲ್ಲಿಲ್ಲ. ತಂದೆಯ ಕೆಲಸದೊಂದಿಗೆ ಚಿಂಚೋಳಿಗೆ ಹೋಗಿ ಅಲ್ಲಿ ಓದಿದ ಮಗು ಗಡಿನಾಡಿನ ಕನ್ನಡಿಗನಾಗಿ ಉಳಿಯುವುದಿಲ್ಲ. ಮನೆಮಾತು ಕನ್ನಡವೆಂಬ ಆಧಾರದ ಮೇಲೆ ಹೊರನಾಡು ಕನ್ನಡಿಗನಾಗಿ ಅರ್ಜಿ ಹಾಕಬಹುದು, ಆಗ ಕನ್ನಡ ಭಾಷಾ ಪರೀಕ್ಷೆ ಎದುರಾಗುತ್ತದೆ. ಆ ಪರೀಕ್ಷೆ ಗಡಿನಾಡಿನವನಿಗೂ ಉಂಟು. ಕನ್ನಡ ಮಾಧ್ಯಮದಲ್ಲಿ ಓದಿ ಅದನ್ನು ಬರೆಯುವವನಿಗೂ, ಮರಾಠಿ ಮಾಧ್ಯಮದಲ್ಲಿ ಓದಿ ಮನೆಯಲ್ಲಿ ಮಾತ್ರ ಕನ್ನಡ ಕೇಳಿದವನಿಗೂ ಪರೀಕ್ಷೆ ಒಂದೇ ಅಲ್ಲ, ಪ್ರಶ್ನೆಪತ್ರಿಕೆ ಒಂದೇ ಇದ್ದರೂ. ಮುಂಬಯಿಗೋ ದುಬೈಗೋ ಹೋದವರನ್ನು ನೆನೆದು ಹುಟ್ಟಿದ ‘ಹೊರನಾಡು’ ಎಂಬ ಶಬ್ದ ಇಲ್ಲಿ ಸೊಲ್ಲಾಪುರ ಜಿಲ್ಲೆಯೊಳಗಿನ ಬಸ್ಸಿನ ದಾರಿಗೆ ಅನ್ವಯವಾಗುತ್ತದೆ.

ಭಾಷಾವಿಜ್ಞಾನದ ಕಡೆಯಿಂದ ನೋಡಿದರೆ ಈ ಚಿತ್ರಕ್ಕೆ ಹತ್ತಿರದ ಹೋಲಿಕೆ ಸಾಂಗ್ಲಿ ಜಿಲ್ಲೆಯ ಕುಪವಾಡ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆ ಊರು ಜಗತ್ತಿನ ಭಾಷಾಸಂಪರ್ಕ ಅಧ್ಯಯನಗಳಲ್ಲೆಲ್ಲ ಬರುತ್ತದೆ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಶತಮಾನಗಳ ಒಡನಾಟದಲ್ಲಿ ಎಷ್ಟು ಸಮೀಪಿಸಿತ್ತೆಂದರೆ ಪದಕ್ಕೆ ಪದ ಇಟ್ಟರೆ ಒಂದರಿಂದ ಇನ್ನೊಂದಕ್ಕೆ ಅನುವಾದ ಸಾಧ್ಯವಾಗುತ್ತಿತ್ತು. ಹಾಗಿದ್ದೂ ಮೂರೂ ಭಾಷೆಗಳು ಬೇರೆಯಾಗಿಯೇ ಉಳಿದವು, ಏಕೆಂದರೆ ಮನೆಗಳು ಬೇರೆಯಾಗಿದ್ದವು. ಗುಂಪುಗಳ ನಡುವಣ ವ್ಯವಹಾರಕ್ಕೆ ಯಾರ ಮನೆಗೂ ಅಷ್ಟಾಗಿ ಸೇರದ ಮರಾಠಿ ತಟಸ್ಥ ಮಾಧ್ಯಮವಾಗಿತ್ತು. ಈ ಪ್ರಬಂಧವನ್ನು ಉದ್ಧರಿಸುವವರಲ್ಲಿ ಅನೇಕರು ಮರೆಯುವ ಸಂಗತಿಯೆಂದರೆ ಕುಪವಾಡ ಈಗ ಹಳ್ಳಿಯಲ್ಲ. ಅಲ್ಲಿ ಎಂಐಡಿಸಿ ಇದೆ, ಊರು ಸಾಂಗ್ಲಿ-ಮೀರಜ-ಕುಪವಾಡ ಮಹಾನಗರಪಾಲಿಕೆಯ ಭಾಗ. ಸೋನಲ್ ಕುಲಕರ್ಣಿ-ಜೋಶಿ 2016ರಲ್ಲಿ ಆ ಊರಿನ ಭಾಷಾಸ್ಥಿತಿಯನ್ನು ಮರುಪರಿಶೀಲಿಸಿ, ಹಳೆಯ ಮಾದರಿಯನ್ನು ವಿಮರ್ಶೆಗೆ ಒಡ್ಡಿದರು.

ಕುಪವಾಡದಲ್ಲಿ ಕಾರ್ಖಾನೆ ಕನ್ನಡದ ಊರಿಗೆ ಬಂತು, ಚಿಂಚೋಳಿಯಲ್ಲಿ ಕನ್ನಡ ಕಾರ್ಖಾನೆಯ ಊರಿಗೆ ಹೋಗುತ್ತದೆ. ಈ ದಿಕ್ಕಿನ ವ್ಯತ್ಯಾಸವನ್ನು ಸೊಲ್ಲಾಪುರ ಜಿಲ್ಲೆಯೊಳಗೇ ಕಾಣಬಹುದು. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಫತಾಟೆವಾಡಿಯ ಬಳಿ ಎನ್‌ಟಿಪಿಸಿಯ 1320 ಮೆಗಾವಾಟಿನ ವಿದ್ಯುತ್ ಸ್ಥಾವರವಿದೆ. ಅಲ್ಲಿಗೆ ಹೊರಗಿನಿಂದ ಬರುವ ನೌಕರನೇ ಹೊಸಬ, ಹಳೆಯ ನೆರೆಹೊರೆಯಲ್ಲಿ ಕನ್ನಡಕ್ಕೆ ಜಾಗವಿದೆ. ಹೊಸ ಮಾತುಗಳು ಬಂದರೂ ಕನ್ನಡ ಶಾಲೆ ಇದ್ದಲ್ಲೇ ಇರುತ್ತದೆ. ಚಿಂಚೋಳಿಯ ಕಡೆಗೆ ಹೋದ ಕುಟುಂಬದ ಕನ್ನಡಕ್ಕೆ ಖೋಲಿಯ ನಾಲ್ಕು ಗೋಡೆ, ತಾಯಿ, ಮತ್ತು ಹಬ್ಬಕ್ಕೆ ಊರಿಗೆ ಹೋದಾಗ ಸಿಗುವ ಅಜ್ಜಿ ಮಾತ್ರ. ಗಂಡನಿಗೆ ಕಾರ್ಖಾನೆಯಲ್ಲಿ ಕನ್ನಡದ ಜೊತೆಗಾರ ಸಿಕ್ಕಾನು, ಮನೆಯಲ್ಲಿರುವ ಹೆಂಡತಿಗೆ ಅಷ್ಟೂ ಇಲ್ಲ. ಭಾಷೆಯನ್ನು ಮುಂದಿನ ಪೀಳಿಗೆಗೆ ದಾಟಿಸಬೇಕಾದವಳೇ ಭಾಷೆಯ ಒಡನಾಟವನ್ನು ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತಾಳೆ. ಉದ್ಯೋಗ ವಲಸೆಯ ಅಧ್ಯಯನಗಳು ಬಹುಮಟ್ಟಿಗೆ ಗಂಡಸಿನ ಬಾಯಿಂದ ಕೇಳಿದವು; ಹಾಗಾಗಿ ಅವುಗಳಲ್ಲಿ ಈ ಭಾಗ ತೆಳುವಾಗಿದೆ.

2020ರ ಕಾಯ್ದೆಯಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಕನ್ನಡ ಮಾಧ್ಯಮದ ಮಗುವಿಗೆ ಅದರಿಂದ ಹಾನಿಯೆಂದು ಹೇಳುವುದು ಅವಸರದ ತೀರ್ಮಾನ. ಚಿಂಚೋಳಿಯಲ್ಲಿ ಕೆಲಸ ಹುಡುಕುವ ನಾಳಿನ ಯುವಕನಿಗೆ ಮರಾಠಿಯ ಓದು ಬರಹ ಬಲವೇ. ಕನ್ನಡವೂ ಮರಾಠಿಯೂ ಒಂದೇ ಶಾಲೆಯಲ್ಲಿ ದೊರೆಯುವುದು ಅಕ್ಕಲಕೋಟೆಯ ಕಡೆ ಸಾಧ್ಯವಾಗಿದೆ, ಮೋಹೋಳದ ಕಡೆ ಆಗಿಲ್ಲ.

ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. 2001 ಮತ್ತು 2011ರ ಗಣತಿಗಳಲ್ಲಿ ವಲಸೆಯ ಪ್ರಶ್ನೆ ಹಿಂದಿನ ವಾಸಸ್ಥಳವನ್ನೂ ಬಂದ ಕಾರಣವನ್ನೂ ಕೇಳಿತ್ತು. ‘ಕೆಲಸ’ ಎಂಬುದು ಗಂಡನ ಸಾಲಿನಲ್ಲಿ, ‘ಮದುವೆ’ ಎಂಬುದು ಹೆಂಡತಿಯ ಸಾಲಿನಲ್ಲಿ ದಾಖಲಾಗುತ್ತವೆ. ಗಣತಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಆಡಿದ ಭಾಷೆ. ಆದ್ದರಿಂದ ಮರಾಠಿ ಶಾಲೆಗೆ ಹೋಗುವ, ಕನ್ನಡ ಅಕ್ಷರ ಬರದ ಚಿಂಚೋಳಿಯ ಮಗುವಿನ ಸಾಲಿನಲ್ಲಿಯೂ ಕನ್ನಡವೆಂದೇ ಬರೆಯಬೇಕು. ಅದರ ಪಕ್ಕದ ಕಲಮಿನಲ್ಲಿ ಬಲ್ಲ ಇತರ ಎರಡು ಭಾಷೆಗಳನ್ನು ಪ್ರಾವೀಣ್ಯದ ಅನುಕ್ರಮದಲ್ಲಿ ಹೇಳಬೇಕಾಗುತ್ತದೆ. ಮೊದಲನೆಯದು ಮರಾಠಿ. ಎರಡನೆಯದು ಹಿಂದಿಯೋ ಇಂಗ್ಲಿಷೋ ಎಂಬುದು ಆ ಮನೆಯ ಗೋಡೆಯ ಮೇಲಿನ ಟಿವಿಯನ್ನೂ ಮಗುವಿನ ಶಾಲೆಯನ್ನೂ ಅವಲಂಬಿಸಿದೆ.